ಸುಂಕದ ಕಟ್ಟೆಯೂ ದುಡಿಯುವ ಕೈಯೂ

(ಶಿಕಾರಿಪುರ, ಸೊರಬ ತಾಲೂಕುಗಳ ವರ್ತಕರೂ ಉಪಾಧ್ಯಾಯರೂ ಶಿರಾಳಕೊಪ್ಪದಲ್ಲಿ ಕೂಡಿದ ಸಭೆಯಲ್ಲಿ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕಸುಬಲ್ಲ. ಬತ್ತವನ್ನು ಕೊಳ್ಳುವುದು, ಅಕ್ಕಿ ಮಾಡಿಸುವುದು, ಅವಲಕ್ಕಿಯನ್ನು ಪೊಟ್ಟಣ ಕಟ್ಟಿಸಿ ಮಾರುವುದು, ಇಷ್ಟೇ ನಾನು ಬಲ್ಲ ವಿದ್ಯೆ. ಆದರೂ ‘ಕರಭಾರವೂ ಉದ್ಯೋಗವೂ’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯಕರ್ತರು ಒತ್ತಾಯಪಡಿಸಿದಾಗ ನಾನು ಒಲ್ಲೆನೆನ್ನಲಿಲ್ಲ. ಏಕೆಂದರೆ ಈ ವಿಷಯವಾಗಿ ಅರ್ಥಶಾಸ್ತ್ರಜ್ಞರು ಬರೆದುದನ್ನು ಓದಿದ್ದೇನೆ, ಮಂತ್ರಿಗಳು ಆಡಿದುದನ್ನು ಕೇಳಿದ್ದೇನೆ. ಆದರೆ ಒಂದು ಕೈಯಿಂದ ಸರಕಾರಕ್ಕೆ ತೆರಿಗೆಯನ್ನೂ ಮತ್ತೊಂದು ಕೈಯಿಂದ ಕೆಲವು ಮಂದಿಗೆ ಸಂಬಳವನ್ನೂ ಕೊಡುವ ಸಣ್ಣ ವರ್ತಕನು ತನ್ನ ಲೆಕ್ಕದ ಪುಸ್ತಕವನ್ನು ಸಭೆಯ ಮುಂದೆ ಬಿಚ್ಚಿ ಮಾತನಾಡಿದುದನ್ನು ಕೇಳಿದ್ದು ಬಹಳ ವಿರಳ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಪ್ರಜೆಗಳದೇ ಪ್ರಭುತ್ವವಾದ ಈ ಕಾಲದಲ್ಲಿ ಸುಂಕದವನನ್ನು ನೇಮಿಸುವವರು ನಾವೇ. ಆದಕಾರಣ ಸುಖದುಃಖವನ್ನು ಹೇಳಿಕೊಳ್ಳುವ ಹಕ್ಕೂ ಅದನ್ನು ಕೇಳುವ ಹೊಣೆಯೂ ನಮ್ಮದೇ ಆಗಿವೆ.

ಲೋಕದಲ್ಲಿ ಈ ವಿಷಯವಾಗಿ ಎರಡು ಪಕ್ಷಗಳುಂಟು. ತೆರಿಗೆಯನ್ನು ಇಳಿಸಿರಿ, ವರ್ತಕನು ತಾನಾಗಿ ನಾಲ್ಕು ಜನಕ್ಕೆ ಉದ್ಯೋಗ ಕೊಡುವನು ಎಂಬುದು ಒಂದು ಪಕ್ಷ. ವರ್ತಕನೆಂದರೆ ಕಳ್ಳ, ಅವನನ್ನು ಹಿಂಡಿದಷ್ಟೂ ನಾಡಿಗೆ ಲಾಭ ಎಂಬುದು ಇನ್ನೊಂದು ಪಕ್ಷ. ಇವೆರಡೂ ನನ್ನ ಅನುಭವಕ್ಕೆ ಒಪ್ಪುವುದಿಲ್ಲ. ನನ್ನ ಗಿರಣಿಯಲ್ಲಿ ಏಳು ಮಂದಿ ದುಡಿಯುತ್ತಾರೆ: ಹಮಾಲರು ಇಬ್ಬರು, ಯಂತ್ರ ನೋಡುವವನೊಬ್ಬ, ಅವಲಕ್ಕಿ ಹಸನು ಮಾಡುವ ಹೆಂಗಸರು ಮೂವರು, ಗಾಡಿ ನಡೆಸುವವನೊಬ್ಬ. ಸತ್ಯವನ್ನು ಹೇಳಬೇಕಾದರೆ, ತೆರಿಗೆ ಇಳಿಯಿತೆಂಬ ಕಾರಣದಿಂದ ನಾನು ಇವರಲ್ಲಿ ಒಬ್ಬನನ್ನೂ ಕೆಲಸಕ್ಕೆ ಸೇರಿಸಿಕೊಂಡವನಲ್ಲ. ಗಿರಾಕಿ ಹೆಚ್ಚಿದಾಗ ಸೇರಿಸಿಕೊಂಡೆ. ಕೊಳ್ಳುವವನಿಲ್ಲದ ಕಾಲದಲ್ಲಿ ತೆರಿಗೆಯನ್ನು ಪೂರ್ತಿಯಾಗಿ ಮನ್ನಾ ಮಾಡಿದರೂ ನಾನು ಎಂಟನೆಯವನನ್ನು ಕರೆಯುವವನಲ್ಲ. ಕರೆದು ಅವನಿಗೆ ಏನು ಕೆಲಸ ಹೇಳಲಿ?

ಹಾಗಾದರೆ ನನ್ನ ಗಿರಾಕಿ ಯಾರು? ಈ ಎರಡು ತಾಲೂಕುಗಳ ರೈತನೇ. ಅಂಜನಾಪುರದ ಜಲಾಶಯವು ತುಂಬಿ, ಊರೂರ ಕೆರೆಗಳು ಕೋಡಿ ಬಿದ್ದ ವರ್ಷ ಬತ್ತವೂ ಬರುತ್ತದೆ, ಬತ್ತ ಮಾರಿದವನ ಕೈಯಲ್ಲಿ ಹಣವೂ ಆಡುತ್ತದೆ. ಬಟ್ಟೆ ಅಂಗಡಿಯಿಂದ ಚಹದ ಅಂಗಡಿಯವರೆಗೆ ಎಲ್ಲರ ಒಲೆಯೂ ಉರಿಯುತ್ತದೆ. ಕೆರೆ ಬತ್ತಿದ ವರ್ಷ ನನ್ನ ಏಳು ಮಂದಿಯಲ್ಲಿ ಇಬ್ಬರನ್ನು ಮನೆಗೆ ಕಳುಹಿಸಬೇಕಾದೀತೆಂದು ನಾನು ರಾತ್ರಿ ನಿದ್ದೆಗೆಡುತ್ತೇನೆ. ಆ ಜಲಾಶಯವನ್ನು ಕಟ್ಟಿದ್ದು ಯಾರ ಹಣದಿಂದ? ಪ್ರಜೆಗಳು ಕೊಟ್ಟ ತೆರಿಗೆಯಿಂದ. ನನ್ನ ಅಕ್ಕಿಯ ಮೂಟೆ ಸಾಗುವ ರಸ್ತೆ, ನನ್ನ ಯಂತ್ರ ನೋಡುವವನು ಅಕ್ಷರ ಕಲಿತ ಶಾಲೆ, ಅವನ ಹೆಂಡತಿಗೆ ಹೆರಿಗೆಯಾದ ಆಸ್ಪತ್ರೆ, ಇವೆಲ್ಲವೂ ಅದೇ ಬೊಕ್ಕಸದಿಂದ ಬಂದವು. ಆದುದರಿಂದ ತೆರಿಗೆಯೇ ಬೇಡವೆನ್ನುವ ವರ್ತಕನು ತಾನು ಕುಳಿತ ಕೊಂಬೆಯನ್ನೇ ಕಡಿಯುವವನು. ಆದರೆ ತೆರಿಗೆ ಎಷ್ಟೆಂಬುದಕ್ಕಿಂತ ಹೆಚ್ಚಾಗಿ ಅದನ್ನು ಹೇಗೆ, ಯಾವಾಗ, ಯಾವ ಭಾಷೆಯಲ್ಲಿ ಕೇಳುತ್ತಾರೆಂಬುದು ದುಡಿಯುವ ಕೈಗೆ ಕೆಲಸ ದೊರೆಯುವುದನ್ನೂ ತಪ್ಪುವುದನ್ನೂ ನಿರ್ಣಯಿಸುತ್ತದೆ. ನಾನು ಈ ದಿನ ಹೇಳಬೇಕಾದುದು ಇದೊಂದೇ.

ನಮ್ಮ ಸೀಮೆಯ ಹಳೆಯ ಅನುಭವ

ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ನಾವು ಕೂಡಿರುವ ಈ ಶಿರಾಳಕೊಪ್ಪದ ಮಗ್ಗುಲಲ್ಲಿಯೇ ಬಳ್ಳಿಗಾವೆ ಇದೆ. ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಆ ಪಟ್ಟಣದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳವೆಂಬ ಸುಂಕಗಳ ಹೆಸರು ಬರುತ್ತವೆ. ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು, ಆ ಸ್ಥಳದಲ್ಲಿ ವೇದಶಾಸ್ತ್ರ ವ್ಯಾಕರಣಗಳ ಪಾಠ ನಡೆಯುತ್ತಿದ್ದುದನ್ನೂ, ದೀನರಿಗೂ ಅನಾಥರಿಗೂ ಅನ್ನ ದೊರೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧೋಪಚಾರವಾಗುತ್ತಿದ್ದುದನ್ನೂ ಹೇಳುತ್ತದೆ. ಅಂದಿನ ವರ್ತಕನು ಸುಂಕವನ್ನು ತೆತ್ತನು. ತೆತ್ತ ಸುಂಕದಲ್ಲಿ ಒಂದು ಪಾಲು ಧರ್ಮಕಾರ್ಯಕ್ಕೆ ಸಲ್ಲುವುದನ್ನು ತನ್ನ ಊರಿನಲ್ಲಿಯೇ, ಕಲ್ಲಿನಲ್ಲಿ ಕೊರೆದುದನ್ನು ಕಣ್ಣಾರೆ ಕಂಡನು.

ಇದಕ್ಕೆ ವಿರುದ್ಧವಾದ ಕಾಲವನ್ನೂ ನಾವು ಕಂಡಿದ್ದೇವೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದಲ್ಲಿ ಷರತ್ತಿನ ಪದ್ಧತಿ ಎಂಬುದೊಂದು ಬಂದಿತು. ಇಂತಿಷ್ಟು ಹಣವನ್ನು ಹುಜೂರಿಗೆ ಸಲ್ಲಿಸುತ್ತೇನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡಬೇಕು; ಅದನ್ನು ಪ್ರಜೆಗಳಿಂದ ಹೇಗೆ ಎತ್ತುವನೆಂಬುದು ಅವನ ಪಾಡು. ಮಳೆ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ೧೮೩೦ರಲ್ಲಿ ನಗರ ಸೀಮೆಯ ರೈತರು ಕೂಟಗಳನ್ನು ಕಟ್ಟಿ ದಂಗೆಯೆದ್ದರು. ೧೮೩೧ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನೇ ತಮ್ಮ ಕೈಗೆ ತೆಗೆದುಕೊಂಡರು. ತರುವಾಯ ಕಮಿಷನರಾದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ರದ್ದುಮಾಡಿದ ಚಿಲ್ಲರೆ ತೆರಿಗೆಗಳು ೭೬೯ ಎಂದು ಗೆಜೆಟಿಯರಿನಲ್ಲಿ ಬರೆದಿದೆ. ಮದುವೆಯಾದರೆ ಒಂದು, ಮಗು ಹುಟ್ಟಿದರೆ ಒಂದು, ಹೆಸರಿಟ್ಟರೆ ಮತ್ತೊಂದು! ನಗರ ಸೀಮೆಯ ಒಂದೆಡೆಯಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದುಹೋದವನು ತೆರಿಗೆ ತೆರಬೇಕಾಗಿತ್ತೆಂದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳ ಬರಹಗಳಲ್ಲಿ ಉಂಟು. ನಗುವಂಥ ಮಾತಿದು, ಆದರೆ ಕೈ ಬೀಸಿ ನಡೆಯಲಿಕ್ಕೇ ಹೆದರುವ ಪ್ರಜೆಯು ಕೈತುಂಬ ಕೆಲಸವನ್ನು ಹೇಗೆ ಕಲ್ಪಿಸಿಯಾನು?

ಇನ್ನು ಶಿಕಾರಿಪುರ ತಾಲೂಕಿನ ಈಸೂರನ್ನು ಮರೆತು ಈ ವಿಷಯವನ್ನು ಮಾತನಾಡುವುದು ಸಾಧ್ಯವಿಲ್ಲ. ೧೯೪೨ರಲ್ಲಿ ಆ ಹಳ್ಳಿಯವರು ಪರಸರಕಾರಕ್ಕೆ ಕಂದಾಯ ಕೊಡೆವೆಂದು ನಿಂತರು, ತಮ್ಮದೇ ಸರಕಾರವನ್ನು ಸಾರಿದರು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ಇಬ್ಬರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು; ೧೯೪೩ರ ಮಾರ್ಚಿಯಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಆ ರಕ್ತದಲ್ಲಿ ಎರಡು ಕಡೆಯ ತಾಯಂದಿರ ಕಣ್ಣೀರೂ ಬೆರೆತಿದೆಯೆಂಬುದನ್ನು ನಾನು ಮರೆಯಲಾರೆ. ಆದರೆ ಈಸೂರಿನವರು ಕೇಳಿದ ಪ್ರಶ್ನೆ ದೊಡ್ಡದು: ನಮ್ಮನ್ನು ಕೇಳದೆ ವಿಧಿಸಿದ ತೆರಿಗೆ, ನಮಗೆ ಲೆಕ್ಕ ಕೊಡದೆ ವೆಚ್ಚಮಾಡುವ ತೆರಿಗೆ, ನ್ಯಾಯದ ತೆರಿಗೆಯೇ?

ಗಡಿಯ ಲೆಕ್ಕ

ಕುಮುದ್ವತಿಯು ಶಿಕಾರಿಪುರವನ್ನು ದಾಟಿ ಮಾಸೂರಿನ ಕಡೆಗೆ ಹರಿಯುತ್ತದೆ. ಸೊರಬದ ಅಂಚಿನ ವರದೆಯು ಬನವಾಸಿಯನ್ನು ಬಳಸಿ ಹಾನಗಲ್ಲಿನ ಸೀಮೆಗೆ ಇಳಿಯುತ್ತದೆ. ನೀರಿಗೆ ಗಡಿಯಿರಲಿಲ್ಲ, ಮಾತಿಗೂ ಮದುವೆಗೂ ಗಡಿಯಿರಲಿಲ್ಲ. ಆದರೆ ೧೯೫೬ರವರೆಗೆ ಇತ್ತ ಕಡೆ ಮೈಸೂರು, ಅತ್ತ ಹಿರೇಕೆರೂರು, ಹಾನಗಲ್ಲು, ಬನವಾಸಿಗಳೆಲ್ಲ ಮುಂಬಯಿ. ಮುಂಬಯಿ ಪ್ರಾಂತದ ಮಾರಾಟ ತೆರಿಗೆ ೧೯೪೬ರದು, ಮೈಸೂರಿನದು ೧೯೪೮ರದು. ಮದರಾಸಿನದು ಅವೆರಡಕ್ಕೂ ಹಿಂದಿನದು, ೧೯೩೯ರದು. ಒಂದೇ ಸಂತೆಗೆ ಬರುವ ಎರಡು ಊರಿನ ವರ್ತಕರು ಎರಡು ಕಾಯಿದೆಗಳಿಗೆ ಒಳಪಟ್ಟು, ಎರಡು ಬಗೆಯ ಲೆಕ್ಕವನ್ನಿಡುತ್ತಿದ್ದರು. ಆಲೂರು ವೆಂಕಟರಾಯರೇ ಮೊದಲಾದ ಹಿರಿಯರು ಕರ್ನಾಟಕತ್ವದ ಮಂತ್ರವನ್ನು ಸಾರಿದಾಗ ಅದು ಕವಿಗಳ ಕನಸೆಂದು ಕೆಲವರು ನಕ್ಕರು. ಗಡಿಯ ಹಳ್ಳಿಯ ಅಂಗಡಿಯವನಿಗೆ ಅದು ಕನಸಾಗಿರಲಿಲ್ಲ, ಹೊಟ್ಟೆಯ ಮಾತಾಗಿತ್ತು. ೧೯೫೬ರ ನವೆಂಬರ್ ೧ರಂದು ನಾಡಿನ ನಕ್ಷೆ ಒಂದಾಯಿತು. ಆದರೂ ಹಳೆಯ ಹಳೆಯ ಮಾರಾಟ ತೆರಿಗೆಗಳು ಅವುಗಳ ಪ್ರದೇಶಗಳಲ್ಲಿ ನಡೆದೇ ಇದ್ದುವು. ಇಡಿಯ ನಾಡಿಗೆ ಒಂದೇ ಮಾರಾಟ ತೆರಿಗೆ ಕಾಯಿದೆ ಜಾರಿಗೆ ಬಂದದ್ದು ೧೯೫೭ರ ಅಕ್ಟೋಬರ್ ೧ರಂದು. ವರ್ತಕನ ಪಾಲಿಗೆ ಏಕೀಕರಣವು ಹನ್ನೊಂದು ತಿಂಗಳು ತಡವಾಗಿ ಆಯಿತು!

ಆ ಮೇಲೆಯೂ ಊರ ಬಾಗಿಲಲ್ಲಿ ಜಕಾತಿ ಕಟ್ಟೆಗಳು ಉಳಿದುವು. ೧೯೭೯ರಲ್ಲಿ ಜಕಾತಿ ಹೋಗಿ ಪ್ರವೇಶ ತೆರಿಗೆ ಬಂದಿತು. ೨೦೦೫ರ ಏಪ್ರಿಲ್ ೧ರಿಂದ ಮೌಲ್ಯವರ್ಧಿತ ತೆರಿಗೆ, ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ. ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯುವ ಕಷ್ಟವು ತಪ್ಪಿತೆಂಬುದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು. ಆದರೆ ಕಟ್ಟೆಯು ರಸ್ತೆಯಿಂದ ಎದ್ದುಹೋಗಿ ವರ್ತಕನ ಮೇಜಿನ ಮೇಲೆ ಬಂದು ಕುಳಿತಿದೆ. ಅದು ಹೇಗೆಂಬುದಕ್ಕೆ ನನ್ನ ಮನೆಯ ಒಂದು ಸಂಗತಿಯನ್ನು ಹೇಳಲು ಅಪ್ಪಣೆಯಾಗಬೇಕು.

ಒಂದು ಓಲೆಯ ಕಥೆ

ನಮ್ಮ ಹಮಾಲರಲ್ಲಿ ಒಬ್ಬನ ಮಗನು ಪಿ.ಯು.ಸಿ. ಮುಗಿಸಿ ನನ್ನ ಬಳಿಗೆ ಬಂದು, “ಸಾಹುಕಾರ್ರೇ, ಏನಾದರೂ ಒಂದು ಕೆಲಸ ಕೊಡಿ. ಅಪ್ಪನ ಬೆನ್ನು ಸೋತಿದೆ, ಅವನನ್ನು ಬಿಟ್ಟು ಬೆಂಗಳೂರಿಗೆ ಹೋಗಲು ಮನಸ್ಸಿಲ್ಲ” ಎಂದನು. ಹುಡುಗನು ಚುರುಕು, ಕಂಪ್ಯೂಟರನ್ನು ಬಲ್ಲವನು. ಆ ಹೊತ್ತಿಗೆ ಕಾಸರಗೋಡಿನ ಕನ್ನಡಿಗ ಅಂಗಡಿಯವರೊಬ್ಬರು ನನ್ನ ಅವಲಕ್ಕಿಯ ಪೊಟ್ಟಣಗಳನ್ನು ತಿಂಗಳು ತಿಂಗಳೂ ಕಳುಹಿಸಬೇಕೆಂದು ಕೇಳಿದ್ದರು. ಎಂಟನೆಯವನಿಗೆ ಸ್ಥಳವಾಯಿತೆಂದು ನಾನು ಸಂತೋಷಪಟ್ಟೆ. ಎರಡು ತಿಂಗಳು ತಾಳು ಎಂದೆ.

ನಾನು ಆಗ ರಾಜಿ ತೆರಿಗೆಯ ಪದ್ಧತಿಯಲ್ಲಿದ್ದೆ. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯವರೆಗೆ ವಹಿವಾಟುಳ್ಳ ಸಣ್ಣವರು ನೂರಕ್ಕೆ ಒಂದರಂತೆ ಕೊಟ್ಟು ಮುಗಿಸಬಹುದಾದ ಸರಳ ಪದ್ಧತಿ ಅದು. ಆದರೆ ಅದರಲ್ಲಿರುವವನು ರಾಜ್ಯದ ಗಡಿಯಾಚೆಗೆ ಸರಕನ್ನು ಮಾರಕೂಡದು. ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿಹೋಯಿತಷ್ಟೆ! ನನ್ನ ಅವಲಕ್ಕಿಯು ಬೀದರಿಗೆ ಹೋಗಬಹುದು. ಅಲ್ಲಿಗಿಂತ ಹತ್ತಿರದ ಕಾಸರಗೋಡಿನ ಕನ್ನಡಿಗನ ಮನೆಗೆ ಹೋಗಲಾರದು. ಗಡಿಯನ್ನು ಎಳೆದವರು ನಮ್ಮ ಭಾಷೆಯನ್ನು ಮಾತ್ರ ಸೀಳಲಿಲ್ಲ, ನಮ್ಮ ಸಂತೆಯನ್ನೂ ಸೀಳಿದರು ಎಂಬುದನ್ನು ನಾನು ಆ ದಿನ ಅರಿತೆ.

ಸರಳ ಪದ್ಧತಿಯನ್ನು ಬಿಟ್ಟು ದೊಡ್ಡವರ ಪದ್ಧತಿಗೆ ಸೇರಿದೆ. ಬಿಲ್ಲು ಬರೆದ ಸರಕಿನ ತೆರಿಗೆಯನ್ನು ಮುಂದಿನ ತಿಂಗಳಲ್ಲಿಯೇ ಕಟ್ಟಬೇಕು; ಕೊಂಡವನು ಹಣ ಕೊಡುವುದು ಮೂರು ತಿಂಗಳಿಗೆ. ಬಾರದ ಹಣದ ಮೇಲೆ ತೆರಿಗೆ ಕಟ್ಟಲು ನಾನು ಸಾಲ ಮಾಡಿದೆ. ಅಷ್ಟರಲ್ಲಿ ಒಂದು ಕಚೇರಿಯಿಂದ ಇಂಗ್ಲಿಷಿನಲ್ಲಿ ಓಲೆ ಬಂದಿತು. ಓದಿದರೆ ನನಗೆ ತಿಳಿಯಲಿಲ್ಲ. ತಿಳಿದವರು ಓದಿದಾಗ ಭಯವಾಯಿತು. ಶಿವಮೊಗ್ಗೆಗೆ ಅಲೆದೆ, ಲೆಕ್ಕಿಗರಿಗೆ ಹಣ ಕೊಟ್ಟೆ, ನಾಲ್ಕು ತಿಂಗಳು ಕಳೆದುವು. ಕೊನೆಗೆ ಗೊತ್ತಾದುದೇನೆಂದರೆ, ಒಂದು ಅಂಕಿಯನ್ನು ಬೇರೊಂದು ಅಂಕಣದಲ್ಲಿ ಬರೆದಿದ್ದೆವು. ಕೊಡಬೇಕಾದ ತೆರಿಗೆ ಒಂದು ಕಾಸೂ ಉಳಿದಿರಲಿಲ್ಲ. ಆ ಹುಡುಗನು ಎಷ್ಟು ದಿನ ತಾಳಿಯಾನು? ಬೆಂಗಳೂರಿಗೆ ಹೋದನು, ಅಲ್ಲಿ ಮೋಟಾರು ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಿದ್ದಾನೆ. ಆ ಓಲೆಯಿಂದ ಸರಕಾರಕ್ಕೆ ಏನೂ ಬರಲಿಲ್ಲ. ಊರಿಗೆ ಒಬ್ಬ ಹುಡುಗನು ಇಲ್ಲವಾದನು.

ಇದು ನನ್ನೊಬ್ಬನ ಕಥೆಯಲ್ಲ. ೨೦೨೨ರ ಜುಲೈಯಲ್ಲಿ, ಹೆಸರು ಚೀಟಿ ಹಚ್ಚಿ ಕಟ್ಟಿದ ೨೫ ಕಿಲೋವರೆಗಿನ ಅಕ್ಕಿಯ ಚೀಲಕ್ಕೆ ನೂರಕ್ಕೆ ಐದರಂತೆ ತೆರಿಗೆ ಬಂದಿತು. ಮಾರನೆಯ ದಿನಗಳಲ್ಲಿಯೇ ಪೇಟೆಯಲ್ಲಿ ೨೬ ಕಿಲೋ ಚೀಲಗಳು ಕಾಣಿಸಿಕೊಂಡುವು! ೨೦೨೫ರ ಜುಲೈಯಲ್ಲಿ ಸಣ್ಣ ಅಂಗಡಿಗಳವರಿಗೆ, ತಳ್ಳುಗಾಡಿಯವರಿಗೆ, ಫೋನಿನ ಮೂಲಕ ಬಂದ ಹಣವನ್ನೆಲ್ಲ ಲೆಕ್ಕ ಹಾಕಿ ಸಾವಿರಾರು ನೋಟೀಸುಗಳು ಹೋದುವು. ತರಕಾರಿ ಹಾಲುಗಳಂಥ ತೆರಿಗೆಯಿಲ್ಲದ ಸರಕನ್ನು ಮಾರಿದವರೂ ನಡುಗಿದರು. ನಗದು ಮಾತ್ರ ಎಂಬ ಹಲಗೆಗಳು ಅಂಗಡಿಗಳಲ್ಲಿ ತೂಗಿದುವು. ಆ ತಿಂಗಳಲ್ಲಿಯೇ ಸರಕಾರವು ವರ್ತಕರೊಡನೆ ಮಾತುಕತೆ ನಡೆಯಿಸಿ ಬಿಸಿಯನ್ನು ತಣಿಸಿತು. ಮಾತುಕತೆ ಮೊದಲು, ನೋಟೀಸು ಆ ಮೇಲೆ ಎಂಬ ಕ್ರಮವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ತಪ್ಪು

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನು ಹೇಳದಿದ್ದರೆ ನಾನು ವಕೀಲನಾದೇನೇ ಹೊರತು ಸಾಕ್ಷಿಯಾಗಲಾರೆ. ಪ್ರಾಯದಲ್ಲಿ ನಾನೂ ಬಿಲ್ಲಿಲ್ಲದೆ ಮೂಟೆಗಳನ್ನು ಮಾರಿದ್ದುಂಟು. ಅದನ್ನು ಜಾಣತನವೆಂದು ತಿಳಿದಿದ್ದೆ. ನಮ್ಮ ಬೀದಿಯಲ್ಲಿಯೇ ಬಿಲ್ಲು ಬರೆದು ಮಾರುತ್ತಿದ್ದ ಒಬ್ಬ ಸಜ್ಜನರು ನನ್ನ ಬೆಲೆಗೆ ಮಾರಲಾರದೆ ಅಂಗಡಿ ಮುಚ್ಚಿದರು. ಅವರ ಬಳಿ ನಾಲ್ವರು ದುಡಿಯುತ್ತಿದ್ದರು. ನಾನು ಕದ್ದದ್ದು ಸರಕಾರದಿಂದ ಎಂದುಕೊಂಡಿದ್ದೆ. ಕದ್ದದ್ದು ಆ ನಾಲ್ವರ ಅನ್ನವನ್ನು. ಹಣ್ಣು ತಿಂದವನು ನುಣುಚಿಕೊಂಡ, ಸಿಪ್ಪೆ ತಿಂದವನು ಸಿಕ್ಕಿಕೊಂಡ ಎಂದು ಸರಕಾರವನ್ನು ಬೈಯುವ ಮೊದಲು, ನಾವು ತಿಂದುದು ಹಣ್ಣೇ ಸಿಪ್ಪೆಯೇ ಎಂದು ಕೇಳಿಕೊಳ್ಳಬೇಕು.

ಇನ್ನೊಂದು ಮಾತು. ಹತ್ತು ಮಂದಿ ಆದರೆ ಕಾರ್ಮಿಕರ ವಿಮೆಯ ಕಾಯಿದೆ, ಇಪ್ಪತ್ತು ಮಂದಿ ಆದರೆ ಭವಿಷ್ಯನಿಧಿಯ ಕಾಯಿದೆ ಬಂದೀತೆಂದು ಒಂಬತ್ತಕ್ಕೋ ಹತ್ತೊಂಬತ್ತಕ್ಕೋ ನಿಲ್ಲಿಸುವ ಮಾಲೀಕರನ್ನು ನಾನು ಬಲ್ಲೆ. ಅವರ ಭಯವು ನನಗೆ ಅರ್ಥವಾಗುತ್ತದೆ. ಆದರೆ ಅವರ ನ್ಯಾಯವನ್ನು ಒಪ್ಪಲಾರೆ. ಅದು ತೆರಿಗೆಯಲ್ಲ, ದುಡಿದವನ ಮುಪ್ಪಿನ ಬುತ್ತಿ. ನನ್ನ ಹಮಾಲನ ಬೆನ್ನು ಸೋತದ್ದು ನನ್ನ ಮೂಟೆಗಳನ್ನು ಹೊತ್ತು. ಹತ್ತು ಮಂದಿ ಇಲ್ಲವೆಂಬ ಕಾರಣದಿಂದ ಅವನ ಹೊಣೆಯು ನನ್ನದಲ್ಲವೆಂದು ಯಾವ ಕಾಯಿದೆಯ ಬಲದಿಂದ ಹೇಳಲಿ?

ಕೇಳತಕ್ಕದ್ದೇನು?

ಹಾಗಾದರೆ ನಾವು ಕೇಳತಕ್ಕದ್ದೇನು? ಮನ್ನಾ ಅಲ್ಲ, ದಾನವೂ ಅಲ್ಲ. ಮೊದಲನೆಯದು, ತೆರಿಗೆಯು ಮುಂದಾಗಿ ತಿಳಿದಿರಬೇಕು, ಪದೇ ಪದೇ ಬದಲಾಗಬಾರದು. ೨೦೨೫ರ ಸೆಪ್ಟೆಂಬರ್ ೨೨ರಿಂದ ನೂರಕ್ಕೆ ಹನ್ನೆರಡು, ಇಪ್ಪತ್ತೆಂಟು ಎಂಬ ದರಗಳನ್ನು ತೆಗೆದು, ಬಹುಪಾಲು ಸರಕುಗಳನ್ನು ಐದು, ಹದಿನೆಂಟು ಎಂಬ ಎರಡೇ ದರಗಳಿಗೆ ತಂದುದು ಸರಿಯಾದ ದಾರಿಯಲ್ಲಿ ಇಟ್ಟ ಹೆಜ್ಜೆ. ಎರಡನೆಯದು, ಹಣ ಕೈಗೆ ಬಂದ ಮೇಲೆ ಸಣ್ಣವನಿಂದ ತೆರಿಗೆಯನ್ನು ಕೇಳಬೇಕು. ಸಣ್ಣ ಉದ್ಯಮಿಗೆ ಹೆಚ್ಚೆಂದರೆ ೪೫ ದಿನಗಳೊಳಗೆ ಹಣ ಕೊಡದವನಿಗೆ ಆದಾಯ ತೆರಿಗ�ೆಯ ಲೆಕ್ಕದಲ್ಲಿ ತೊಡಕಾಗುವ ನಿಯಮವು ೨೦೨೪ರ ಏಪ್ರಿಲ್ ೧ರಿಂದ ಬಂದಿದೆ. ಅದೇ ನ್ಯಾಯವನ್ನು ಇಲ್ಲಿಗೂ ವಿಸ್ತರಿಸಲಿ. ಮೂರನೆಯದು, ಸಣ್ಣ ರಾಜಿ ಪದ್ಧತಿಯಲ್ಲಿರುವವನಿಗೆ ಗಡಿಯಾಚೆಗೆ ಮಿತವಾದ ಮಾರಾಟಕ್ಕೆ ಎಡೆಯಿರಲಿ. ಕಾಸರಗೋಡಿನ, ಸೊಲ್ಲಾಪುರದ, ಅಕ್ಕಲಕೋಟೆಯ ಕನ್ನಡಿಗನು ನಮ್ಮ ಸಂತೆಗೆ ಹೊರಗಿನವನಾಗಬಾರದು. ನಾಲ್ಕನೆಯದು, ಕನ್ನಡಿಗನಿಂದ ತೆರಿಗೆ ಕೇಳುವ ಓಲೆಯು ಕನ್ನಡದಲ್ಲಿರಲಿ. ತಪ್ಪನ್ನು ಮೊದಲು ತಿಳಿಸಿ, ತಿದ್ದಿಕೊಳ್ಳಲು ಅವಕಾಶ ಕೊಟ್ಟು, ಆ ಮೇಲೆ ದಂಡದ ಮಾತು ಬರಲಿ. ಐದನೆಯದು, ಲೆಕ್ಕ. ಕೇಂದ್ರದ ತೆರಿಗೆಗಳಲ್ಲಿ ರಾಜ್ಯಗಳಿಗೆ ಹಂಚುವ ಮೊತ್ತದೊಳಗೆ ಕರ್ನಾಟಕದ ಪಾಲು ೧೪ನೆಯ ಹಣಕಾಸು ಆಯೋಗದಿಂದ ೧೫ನೆಯದಕ್ಕೆ ಬರುವಾಗ ನೂರಕ್ಕೆ ೪.೭೧೩ರಿಂದ ೩.೬೪೭ಕ್ಕೆ ಇಳಿದುದು ಏಕೆಂದು ಕೇಳುವಷ್ಟೇ ಗಟ್ಟಿಯಾಗಿ, ನಮ್ಮ ತಾಲೂಕಿಗೆ ಬಂದ ಹಣವು ಯಾವ ಕೆರೆಗೆ, ಯಾವ ಶಾಲೆಗೆ ಸಂದಿತೆಂದೂ ಕೇಳಬೇಕು. ಬಳ್ಳಿಗಾವೆಯವರು ಕಲ್ಲಿನಲ್ಲಿ ಬರೆಯಿಸಿದರು; ನಮ್ಮವರು ಪಂಚಾಯಿತಿಯ ಗೋಡೆಯ ಮೇಲಾದರೂ ಬರೆಯಿಸಲಿ.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಮಕ್ಕಳಿಗೆ ಚಕ್ರಬಡ್ಡಿಯ ಲೆಕ್ಕವನ್ನು ಕಲಿಸುತ್ತೀರಿ. ಜಮಾಖರ್ಚು ಬರೆಯುವುದನ್ನೂ, ಒಂದು ಬಿಲ್ಲನ್ನು ಓದುವುದನ್ನೂ, ತೆರಿಗೆಯ ಅರ್ಜಿಯನ್ನು ತುಂಬುವುದನ್ನೂ ಕಲಿಸಿರಿ. ನಾನು ಅದನ್ನು ಕಲಿತಿದ್ದರೆ ಅಂಕಿಯು ಬೇರೆ ಅಂಕಣಕ್ಕೆ ಹೋಗುತ್ತಿರಲಿಲ್ಲ.

ಆ ಹುಡುಗನು ಹಬ್ಬಕ್ಕೆ ಊರಿಗೆ ಬಂದಿದ್ದನು. “ಸಾಹುಕಾರ್ರೇ, ಜಾಗ ಖಾಲಿ ಇದೆಯೇ?” ಎಂದು ನಗುತ್ತಲೇ ಕೇಳಿದನು. ಕಾಸರಗೋಡಿನವರು ಬೇರೆ ಕಡೆಯಿಂದ ಅವಲಕ್ಕಿ ತರಿಸಿಕೊಳ್ಳುತ್ತಿದ್ದಾರೆಂದು ಹೇಳಲು ನನಗೆ ನಾಲಗೆ ಬರಲಿಲ್ಲ. ಆದರೂ ಅವರಿಗೆ ಮತ್ತೊಮ್ಮೆ ಕಾಗದ ಬರೆದಿದ್ದೇನೆ. ಈ ಸಲ ಮಳೆ ಚೆನ್ನಾಗಿ ಆಗಿ, ಅವರ ಉತ್ತರವೂ ಬಂದರೆ, ಎಂಟನೆಯ ಹೆಸರನ್ನು ನನ್ನ ಸಂಬಳದ ಪುಸ್ತಕದಲ್ಲಿ ಬರೆದೇ ತೀರುವೆನು. ಅದಕ್ಕೆ ಬೇಕಾದ ಸರಳವಾದ ಕಾಯಿದೆಯನ್ನು ನೀವೆಲ್ಲರೂ ನನ್ನೊಡನೆ ಕೇಳಬೇಕೆಂದು ಪ್ರಾರ್ಥಿಸುತ್ತೇನೆ.